ಗುಬ್ಬಿ ಗೇಟಿನ ಗ್ಯಾರೇಜಿಗೆ ಬಂದ ಫಿಯೆಟ್ 500: ಒಂದು ಪ್ರಕರಣ ಅಧ್ಯಯನ

ತಿಪಟೂರು ಕಡೆಯ ಕೊಬ್ಬರಿ ವರ್ತಕರೊಬ್ಬರು 2019ರ ಬೇಸಿಗೆಯಲ್ಲಿ ಒಂದು ಕಾರನ್ನು ತೋರಿಸಿಕೊಂಡು ಹೋಗಲು ತುಮಕೂರಿಗೆ ಬಂದಿದ್ದರು. ಅವರ ತಂದೆ ಕೊಂಡಿದ್ದ ಪ್ರೀಮಿಯರ್ ಪದ್ಮಿನಿ ಅವರ ಮನೆಯಲ್ಲಿ ಇನ್ನೂ ಓಡುವ ಸ್ಥಿತಿಯಲ್ಲಿದೆ. ಬೆಂಗಳೂರಿನಲ್ಲಿರುವ ಸೋದರಳಿಯ 2009ರಲ್ಲಿ ನೋಂದಣಿಯಾದ ತನ್ನ ಫಿಯೆಟ್ 500 ಕಾರನ್ನು ಮಾರಲು ಹೊರಟಾಗ, ಅದು ಹೊರಗಿನವರ ಪಾಲಾಗುವುದು ಬೇಡವೆಂದು ಇವರಿಗೆ ಅನ್ನಿಸಿತ್ತು. ಆದರೆ ವ್ಯಾಪಾರದಲ್ಲಿ ನುರಿತವರಾದ ಕಾರಣ, ಗುಬ್ಬಿ ಗೇಟ್ ಬಳಿ ಮೂವತ್ತು ವರ್ಷಗಳಿಂದ ತಮ್ಮ ಪದ್ಮಿನಿಯನ್ನು ನೋಡಿಕೊಂಡು ಬಂದಿರುವ ಮೇಸ್ತ್ರಿಯ ಮಾತು ಕೇಳದೆ ದುಡ್ಡು ಕೊಡಲು ಅವರು ತಯಾರಿರಲಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ವಿಷಯ ಕಲಿಸುವ ನಾನು ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಕೆಲಸ ನೋಡಲು ಆ ಗ್ಯಾರೇಜಿಗೆ ಕರೆದೊಯ್ಯುವುದುಂಟು. ಆ ದಿನವೂ ಅಲ್ಲಿದ್ದೆ.

ಅವರು ಕೇಳಿದ ಪ್ರಶ್ನೆಯೇ ಈ ಅಧ್ಯಯನಕ್ಕೆ ಕಾರಣ. "ಮೇಸ್ತ್ರಿಗಳೇ, ಇದು ನಮ್ಮಪ್ಪನ ಫಿಯೆಟ್ಟೇ ಹೊಸದಾಗಿ ಬಂದಿರೋದಾ, ಇಲ್ಲ ಮುಖ ಮಾತ್ರ ಹಂಗೆ ಮಾಡಿದಾರಾ?"

"ನೀವು ಕಾಫಿ ಕುಡ್ಕೊಂಡು ಬನ್ನಿ ಯಜಮಾನ್ರೇ, ಜ್ಯಾಕ್ ಮೇಲೆ ಎತ್ತಿ ನೋಡಿ ಹೇಳ್ತೀನಿ" ಎಂದರು ಮೇಸ್ತ್ರಿ. ಅವರ ಉತ್ತರ ಸಿದ್ಧವಾಗಲು ಮಧ್ಯಾಹ್ನದವರೆಗೆ ಸಮಯ ಹಿಡಿಯಿತು. ನನ್ನ ಉತ್ತರಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಎರಡು ಫಿಯೆಟ್‌ಗಳ ಸಂಬಂಧ

ಪ್ರಶ್ನೆಯೊಳಗೇ ಒಂದು ತಪ್ಪು ತಿಳಿವಳಿಕೆ ಇತ್ತು. ನಮ್ಮ ಜಿಲ್ಲೆಯಲ್ಲಿ ಎಲ್ಲರೂ "ಫಿಯೆಟ್ ಕಾರು" ಎಂದೇ ಕರೆಯುತ್ತಿದ್ದ ಪದ್ಮಿನಿಯು ಇಟಲಿಯ ಫಿಯೆಟ್ 1100ರ ವಂಶದ್ದು. 1953ರಲ್ಲಿ ಟೂರಿನ್‌ನಲ್ಲಿ ಹುಟ್ಟಿದ ಆ ಮಾದರಿಯ ಮುಂದಿನ ರೂಪವನ್ನು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು 1964ರಿಂದ ತಯಾರಿಸಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. 1089 ಸಿ.ಸಿ.ಯ ಎಂಜಿನ್ ಮುಂದೆ, ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ನಡುವೆ, ಎಂಜಿನ್ ತಿರುಗಿಸುವ ಚಕ್ರಗಳು ಹಿಂದೆ: ಇದು ಅದರ ವಿನ್ಯಾಸ. ಫಿಯೆಟ್ 500 ಭಾರತದಲ್ಲಿ ಎಂದೂ ತಯಾರಾಗಲಿಲ್ಲ. ಆದ್ದರಿಂದ ವರ್ತಕರ ತಂದೆಯ ಕಾರು ಈ ಕಾರಿನ ತಾಯಿಯಲ್ಲ, ದೊಡ್ಡಮ್ಮ.

ಆದರೂ ಅವರ ಮನಸ್ಸಿಗೆ ಹೊಳೆದ ರಕ್ತಸಂಬಂಧ ಸುಳ್ಳಲ್ಲ. 1100ರ ವಿನ್ಯಾಸದ ಹೊಣೆ ಹೊತ್ತಿದ್ದವರು ಫಿಯೆಟ್‌ನ ಮುಖ್ಯ ಎಂಜಿನಿಯರ್ ದಾಂತೆ ಜಾಕೋಸಾ. 1957ರ ಫಿಯೆಟ್ 500 ಕೂಡ ಅವರದೇ ಕೆಲಸ. 1905ರಲ್ಲಿ ರೋಮ್‌ನಲ್ಲಿ ಹುಟ್ಟಿದ ಜಾಕೋಸಾ, 1936ರಲ್ಲಿ "ತೊಪೊಲಿನೊ", ಅಂದರೆ ಇಲಿಮರಿ, ಎಂದು ಜನ ಕರೆದ ಮೊದಲ 500ನ್ನೂ 1955ರಲ್ಲಿ ಹಿಂದೆ ಎಂಜಿನ್ ಇದ್ದ ಫಿಯೆಟ್ 600ನ್ನೂ ರೂಪಿಸಿದವರು. ಚಿಕ್ಕ ಕಾರಿನಲ್ಲಿ ಮನುಷ್ಯನಿಗೆ ಎಷ್ಟು ಜಾಗ ಬಿಡಬಹುದು ಎಂಬ ಒಂದೇ ಪ್ರಶ್ನೆಯನ್ನು ಜೀವನವಿಡೀ ಬೇರೆ ಬೇರೆ ದಿಕ್ಕಿನಿಂದ ಕೇಳಿಕೊಂಡವರು ಎಂದು ನಾನು ವಿದ್ಯಾರ್ಥಿಗಳಿಗೆ ಅವರನ್ನು ಪರಿಚಯಿಸುತ್ತೇನೆ.

ಬಡತನದಿಂದ ಬಂದ ರೂಪ

1957ರ ಜುಲೈ 4ರಂದು ಟೂರಿನ್‌ನಲ್ಲಿ ಬಿಡುಗಡೆಯಾದ 500ರ ಉದ್ದ 2.97 ಮೀಟರ್, ಅಗಲ 1.32 ಮೀಟರ್, ತೂಕ ಸುಮಾರು ಅರ್ಧ ಟನ್. ಯುದ್ಧದಿಂದ ಜರ್ಜರಿತವಾಗಿ ಮೇಲೇಳುತ್ತಿದ್ದ ಇಟಲಿಯಲ್ಲಿ ಸ್ಕೂಟರ್ ಹತ್ತುತ್ತಿದ್ದ ಕುಟುಂಬವನ್ನು ಕಾರಿಗೆ ಹತ್ತಿಸುವುದು ಅದರ ಉದ್ದೇಶವಾಗಿತ್ತು. ಇಂದು ನಾವು "ಎಷ್ಟು ಮುದ್ದಾಗಿದೆ" ಎನ್ನುವ ಅದರ ಪ್ರತಿಯೊಂದು ತಿರುವಿಗೂ ಆ ಕಾಲದ ಒಂದೊಂದು ಕೊರತೆ ಕಾರಣವಾಗಿದೆ. ಚಪ್ಪಟೆ ತಗಡಿಗಿಂತ ಬಾಗಿಸಿದ ತಗಡು ಗಟ್ಟಿ. ಆದ್ದರಿಂದ ಮೈಯೆಲ್ಲ ಗುಂಡಾದರೆ ತೆಳ್ಳಗಿನ, ಕಡಿಮೆ ಉಕ್ಕಿನಲ್ಲಿ ಕೆಲಸ ಮುಗಿಯುತ್ತದೆ. ನೆತ್ತಿಯ ಮೇಲೆ ಮಡಿಚುವ ಬಟ್ಟೆಯ ಹೊದಿಕೆ ಇಟ್ಟರೆ ಅಷ್ಟು ಉಕ್ಕೂ ಅಷ್ಟು ತೂಕವೂ ಉಳಿಯುತ್ತದೆ. ಗಾಳಿಯಿಂದಲೇ ತಣ್ಣಗಾಗುವ 479 ಸಿ.ಸಿ.ಯ ಎರಡು ಸಿಲಿಂಡರಿನ ಎಂಜಿನ್ ಹಿಂಬದಿಯಲ್ಲಿ ಇದ್ದುದರಿಂದ ಮುಂದೆ ರೇಡಿಯೇಟರ್ ಬೇಕಿರಲಿಲ್ಲ, ರೇಡಿಯೇಟರ್ ಇಲ್ಲದ್ದರಿಂದ ಗ್ರಿಲ್ ಬೇಕಿರಲಿಲ್ಲ. ಎರಡು ದುಂಡು ದೀಪ, ನಡುವೆ ಮೀಸೆಯಂಥ ಪಟ್ಟಿ, ಉಳಿದಂತೆ ಬರೀ ನುಣುಪು ತಗಡು. ಆ ಮುಖ ಬಂದದ್ದು ಹೀಗೆ. ಆ ತಗಡಿನ ಹಿಂದೆ ಇದ್ದದ್ದು ಪೆಟ್ರೋಲ್ ಟ್ಯಾಂಕು ಮತ್ತು ಸ್ಟೆಪ್ನಿ.

ಮೊದಲ ತಿಂಗಳುಗಳಲ್ಲಿ ಅದು ನಿರೀಕ್ಷೆಯಂತೆ ಮಾರಾಟವಾಗಲಿಲ್ಲ ಎಂಬುದನ್ನು ಅದರ ಅಭಿಮಾನಿಗಳು ಹೆಚ್ಚಾಗಿ ಹೇಳುವುದಿಲ್ಲ. 13 ಅಶ್ವಶಕ್ತಿ ಜನರಿಗೆ ಸಾಲಲಿಲ್ಲ. ಹಿಂದೆ ಕೂರಲು ಸರಿಯಾದ ಸೀಟು ಇರಲಿಲ್ಲ. ಸ್ವಲ್ಪ ಹೆಚ್ಚು ಹಣ ಹೊಂದಿಸಿದರೆ ನಾಲ್ವರು ಕೂರುವ 600 ಸಿಗುತ್ತಿತ್ತು. ಕಂಪನಿ ಅದೇ ವರ್ಷ ಶಕ್ತಿಯನ್ನು 15ಕ್ಕೆ ಏರಿಸಿ, ಹಿಂದಿನ ಆಸನವನ್ನು ಕೂರುವಂತೆ ಮಾಡಿ, ಬೆಲೆಯನ್ನೂ ಸರಿಪಡಿಸಿತು. 1959ರಲ್ಲಿ ಇಟಲಿಯ ಕೈಗಾರಿಕಾ ವಿನ್ಯಾಸದ ದೊಡ್ಡ ಪುರಸ್ಕಾರವಾದ "ಕೊಂಪಾಸೊ ದೋರೊ" ಜಾಕೋಸಾ ಅವರಿಗೆ ಈ ಕಾರಿಗಾಗಿ ಸಂದಿತು. 1975ರಲ್ಲಿ ಉತ್ಪಾದನೆ ನಿಲ್ಲುವ ಹೊತ್ತಿಗೆ ಸುಮಾರು 39 ಲಕ್ಷ ಕಾರುಗಳು ರಸ್ತೆಗಿಳಿದಿದ್ದವು.

ಮರಳಿ ಕರೆದ ಕಾಲ

ಹಳೆಯ ರೂಪವನ್ನು ಹೊಸ ಕಾರಿಗೆ ಹೊದಿಸುವ ಯೋಚನೆ ಫಿಯೆಟ್‌ನದಲ್ಲ. ಜಪಾನಿನ ನಿಸ್ಸಾನ್ 1987ರಲ್ಲಿ ಬಿ-1 ಎಂಬ ಪುಟ್ಟ ಕಾರನ್ನು 10,000 ಸಂಖ್ಯೆಗೆ ಸೀಮಿತಗೊಳಿಸಿ ತಂದಿತ್ತು. 1990ರ ದಶಕದ ಕೊನೆಗೆ ಫೋಕ್ಸ್‌ವ್ಯಾಗನ್ ಬೀಟಲ್ ಮರಳಿ ಬಂತು, 2001ರಲ್ಲಿ ಬಿ.ಎಂ.ಡಬ್ಲ್ಯು. ಒಡೆತನದಲ್ಲಿ ಮಿನಿ ಬಂತು. ಹಿಂದೆ ಎಂಜಿನ್ ಇದ್ದ ಬೀಟಲ್ ಮರುಜನ್ಮದಲ್ಲಿ ಮುಂದೆ ಎಂಜಿನ್ ಹೊತ್ತು, ಗಾಲ್ಫ್ ಕಾರಿನ ತಳಪಾಯದ ಮೇಲೆ ಬಂದಿತ್ತು.

ಫಿಯೆಟ್ ಸರದಿ ಬಂದಾಗ ಕಂಪನಿಯ ಸ್ಥಿತಿ ಚೆನ್ನಾಗಿರಲಿಲ್ಲ. ನಷ್ಟ ಬೆಳೆಯುತ್ತಿತ್ತು; ದಶಕಗಳ ಕಾಲ ಕಂಪನಿಯನ್ನು ಮುನ್ನಡೆಸಿದ್ದ ಜಾನ್ನಿ ಅನ್ಯೆಲ್ಲಿ 2003ರ ಜನವರಿಯಲ್ಲಿ ತೀರಿಕೊಂಡಿದ್ದರು; 2004ರ ಜೂನ್‌ನಲ್ಲಿ ಸೆರ್ಜೊ ಮಾರ್ಕಿಯೊನೆ ಚುಕ್ಕಾಣಿ ಹಿಡಿದರು. ಮರುವರ್ಷ ಅಮೆರಿಕದ ಜನರಲ್ ಮೋಟಾರ್ಸ್, ಫಿಯೆಟ್ ಕಾರು ವಿಭಾಗವನ್ನು ಕೊಳ್ಳಲೇಬೇಕಾಗಬಹುದಾಗಿದ್ದ ಒಪ್ಪಂದದಿಂದ ಬಿಡಿಸಿಕೊಳ್ಳಲು 200 ಕೋಟಿ ಡಾಲರ್ ಕೊಟ್ಟು ಹೊರನಡೆಯಿತು. ಮಾರ್ಕಿಯೊನೆ ಬರುವುದಕ್ಕೆ ಕೆಲವೇ ತಿಂಗಳ ಮೊದಲು, 2004ರ ಮಾರ್ಚ್‌ನಲ್ಲಿ, ಜಿನೀವಾ ಮೋಟಾರು ಪ್ರದರ್ಶನದಲ್ಲಿ "ತ್ರೆಪ್ಯೂನೊ" ಎಂಬ ಪುಟ್ಟ ಮಾದರಿ ಕಾಣಿಸಿಕೊಂಡಿತು. ಹೆಸರಿನ ಅರ್ಥ "ಮೂರು ಮತ್ತು ಒಂದು". ರೊಬೆರ್ತೊ ಜೊಲಿತೊ ಅವರ ತಂಡ ರೂಪಿಸಿದ್ದ ಆ ಕಾರಿನಲ್ಲಿ ಡ್ಯಾಶ್‌ಬೋರ್ಡನ್ನು ತೆಳುವಾಗಿಸಿ, ಚಾಲಕನ ಪಕ್ಕದ ಪ್ರಯಾಣಿಕ ಮುಂದಕ್ಕೆ ಸರಿದು ಕೂತರೆ ಅವನ ಹಿಂದೆ ಇನ್ನೊಬ್ಬ ದೊಡ್ಡವನು ಕೂರುವಂತೆ ಮಾಡಲಾಗಿತ್ತು. ನಾಲ್ಕನೆಯವನಿಗೆ ಚಿಕ್ಕ ಆಸರೆ ಮಾತ್ರ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಜಾಕೋಸಾ ಅವರ ಮನಸ್ಸಿಗೆ ತೀರ ಹತ್ತಿರ ಇದ್ದದ್ದು ಈ ಆಸನದ ಯೋಚನೆ. ತಯಾರಿಕೆಯ ಹಂತಕ್ಕೆ ಬರುವಾಗ ಅದನ್ನೇ ಕೈಬಿಟ್ಟರು. ಜನರಿಗೆ ಹಿಡಿಸಿದ್ದು ಮುಖವಾಗಿತ್ತು, ಆದ್ದರಿಂದ ಮುಖ ಉಳಿಯಿತು.

ಆ ಮುಖದ ಕೆಳಗೆ ಏನಿಡಬೇಕು ಎಂಬ ತೀರ್ಮಾನದಲ್ಲೇ ಕಂಪನಿಯ ವಿವೇಕ ಕಾಣುತ್ತದೆ. ಹೊಸ ತಳಪಾಯಕ್ಕೆ ಸುರಿಯಲು ಅಂದು ಅದರ ಬಳಿ ಧಾರಾಳ ಹಣವಿರಲಿಲ್ಲ. 2003ರಲ್ಲಿ ಬಂದು ಯುರೋಪಿನ ವರ್ಷದ ಕಾರು ಎಂಬ ಮನ್ನಣೆ ಪಡೆದಿದ್ದ ಪಾಂಡಾ ಕೈಯಲ್ಲಿತ್ತು. ಪೋಲೆಂಡಿನ ತಿಹಿ ಪಟ್ಟಣದ ಕಾರ್ಖಾನೆಯಲ್ಲಿ ಅದು ತಯಾರಾಗುತ್ತಿತ್ತು. ಅದೇ ತಳಪಾಯ, ಅದೇ ಕಾರ್ಖಾನೆ, ಅದೇ ಎಂಜಿನ್‌ಗಳನ್ನು ಬಳಸಿಕೊಂಡು 500 ಸಿದ್ಧವಾಯಿತು. ಫೋರ್ಡ್ ಕೂಡ ತನ್ನ ಎರಡನೇ ತಲೆಮಾರಿನ ಕಾ ಕಾರನ್ನು ಅದೇ ತಳಪಾಯದ ಮೇಲೆ ಅಲ್ಲೇ ತಯಾರಿಸಲು ಕೈಜೋಡಿಸಿದ್ದರಿಂದ ಖರ್ಚು ಹಂಚಿಹೋಯಿತು. ಮಿನಿಯ ಮರುರೂಪದಲ್ಲಿ ಹೆಸರು ಮಾಡಿದ್ದ ಫ್ರಾಂಕ್ ಸ್ಟೀಫನ್‌ಸನ್ ಆ ಹೊತ್ತಿಗೆ ಫಿಯೆಟ್‌ನ ವಿನ್ಯಾಸ ವಿಭಾಗದಲ್ಲಿದ್ದರು. ಹಳೆಯ ಕಾರು ಬಂದ ದಿನಕ್ಕೆ ಸರಿಯಾಗಿ 50 ವರ್ಷ ತುಂಬಿದ 2007ರ ಜುಲೈ 4ರಂದು, ಅದೇ ಟೂರಿನ್‌ನಲ್ಲಿ, ಹೊಸ 500 ಬಿಡುಗಡೆಯಾಯಿತು. ಯುರೋ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರಗಳನ್ನು ಪಡೆಯಿತು, 2008ರ ಯುರೋಪಿನ ವರ್ಷದ ಕಾರು ಎನಿಸಿಕೊಂಡಿತು, 2012ರ ಹೊತ್ತಿಗೆ 10 ಲಕ್ಷ ದಾಟಿತು. ಭಾರತಕ್ಕೆ ಅದು 2008ರಲ್ಲಿ ಪೂರ್ತಿ ಆಮದಾಗಿ, ಸುಮಾರು 15 ಲಕ್ಷ ರೂಪಾಯಿಯ ಬೆಲೆಗೆ ಬಂತು. ಆ ಹಣಕ್ಕೆ ಆಗ ಒಂದು ದೊಡ್ಡ ಸೆಡಾನ್ ಬರುತ್ತಿದ್ದುದರಿಂದ ಇಲ್ಲಿ ಅದನ್ನು ಕೊಂಡವರು ಕೆಲವರೇ.

ಜ್ಯಾಕ್ ಮೇಲೆ ಎತ್ತಿದಾಗ

ಆ ಬೆಳಿಗ್ಗೆ ಗ್ಯಾರೇಜಿನಲ್ಲಿ ಮೂರು ಕಾರುಗಳು ಒಂದೇ ಸಾಲಿನಲ್ಲಿದ್ದವು: ಟಿಂಕರಿಂಗ್ ಕೆಲಸಕ್ಕೆ ಬಂದಿದ್ದ ವರ್ತಕರದೇ ಪದ್ಮಿನಿ, ಸರ್ವಿಸ್‌ಗೆ ಬಂದಿದ್ದ ಬಾಡಿಗೆಯ ಸ್ವಿಫ್ಟ್ ಡೀಸೆಲ್, ಮತ್ತು ಬಿಳಿಯ 500. ಮೇಸ್ತ್ರಿ ಮೊದಲು 500ರ ಮುಂದೆ ಮಂಡಿಯೂರಿ ಕೂತು, ಬಂಪರಿನ ಅಡಿಯಲ್ಲಿರುವ ಸೀಳಿನೊಳಗೆ ಬೆರಳು ತೂರಿಸಿ ರೇಡಿಯೇಟರಿನ ರೆಕ್ಕೆಗಳನ್ನು ಸವರಿ ನೋಡಿದರು. ಮೀಸೆ ಮತ್ತು ಲಾಂಛನ ಇರುವ ನುಣುಪು ಮುಖಕ್ಕೆ ಭಂಗ ಬಾರದಂತೆ ಗಾಳಿಯ ದಾರಿಯನ್ನೆಲ್ಲ ಕೆಳಗಿಳಿಸಿದ್ದಾರೆ. 1957ರಲ್ಲಿ ಗ್ರಿಲ್ ಇಲ್ಲದ್ದಕ್ಕೆ ಕಾರಣ ರೇಡಿಯೇಟರ್ ಇಲ್ಲದಿರುವುದು. 2007ರಲ್ಲಿ ರೇಡಿಯೇಟರ್ ಇದೆ, ಆದರೆ ಇಲ್ಲದಂತೆ ಕಾಣಬೇಕು. ಹಿಂದಿನ ಬಾಗಿಲು ಎತ್ತಿದರೆ, ಹಳೆಯದರಲ್ಲಿ ಎಂಜಿನ್ ಇದ್ದ ಸ್ಥಳದಲ್ಲಿ 185 ಲೀಟರಿನ ಡಿಕ್ಕಿ. ಒಳಗಿನ ಡ್ಯಾಶ್‌ಬೋರ್ಡಿಗೆ ಹೊರಮೈಯ ಬಣ್ಣವನ್ನೇ ಬಳಿದ ಫಲಕವಿದೆ. ಹಳೆಯ ಕಾರಿನಲ್ಲಿ ಅದು ಬಣ್ಣ ಹೊಡೆದ ಬರಿಯ ತಗಡಾಗಿತ್ತು, ಮೇಲೊಂದು ಹೊದಿಕೆ ಹಾಕಲು ದುಡ್ಡಿರಲಿಲ್ಲ. ಇಲ್ಲಿ ಅದು ತಗಡಿನಂತೆ ಕಾಣಲೆಂದು ನಯಗೊಳಿಸಿದ ಪ್ಲಾಸ್ಟಿಕ್. ಗೇರ್ ಕಡ್ಡಿ ಮಾತ್ರ ನೆಲದಿಂದ ಏಳದೆ ಡ್ಯಾಶ್‌ಬೋರ್ಡಿನ ಕೆಳಭಾಗದಿಂದ ಚಾಚಿಕೊಂಡಿದೆ. ಪಾಂಡಾದಿಂದ ಬಂದ ಬಳುವಳಿ ಅದು.

ಬಾನೆಟ್ ತೆರೆದಾಗ ಮೇಸ್ತ್ರಿಯ ಮುಖ ಅರಳಿತು. ಅವರು ಮಾತಾಡದೆ ಹೋಗಿ ಪಕ್ಕದ ಸ್ವಿಫ್ಟ್‌ನ ಬಾನೆಟ್ಟನ್ನೂ ಎತ್ತಿ ಕಡ್ಡಿಗೆ ನಿಲ್ಲಿಸಿ, ವಿದ್ಯಾರ್ಥಿಗಳನ್ನು ಹತ್ತಿರ ಕರೆದರು. ಎರಡೂ ಕಡೆ ಇದ್ದದ್ದು 1248 ಸಿ.ಸಿ.ಯ 1.3 ಮಲ್ಟಿಜೆಟ್ ಡೀಸೆಲ್ ಎಂಜಿನ್. ಎಲ್ಲ ಸಿಲಿಂಡರುಗಳಿಗೂ ಒಂದೇ ಕೊಳವೆಯಿಂದ ಹೆಚ್ಚು ಒತ್ತಡದಲ್ಲಿ ಡೀಸೆಲ್ ಕೊಡುವ "ಕಾಮನ್ ರೈಲ್" ತಂತ್ರದ ಮೂಲ ಕೆಲಸದ ದೊಡ್ಡ ಪಾಲು ಫಿಯೆಟ್ ಬಳಗದಲ್ಲೇ ನಡೆದು, 1990ರ ದಶಕದಲ್ಲಿ ಬಾಷ್ ಕೈಸೇರಿ ಪಕ್ವವಾಯಿತು. 2003ರಲ್ಲಿ ಬಂದ ಈ ಪುಟ್ಟ ಎಂಜಿನ್ ಒಂದೇ ಸ್ಫೋಟಚಕ್ರದಲ್ಲಿ ಡೀಸೆಲನ್ನು ಐದು ಸಲದವರೆಗೆ ಬಿಡಿಬಿಡಿಯಾಗಿ ಸಿಂಪಡಿಸಬಲ್ಲದು. ಸದ್ದು ತಗ್ಗಿದ್ದು ಅದರಿಂದಲೇ. ಮಾರುತಿ 2007ರಲ್ಲಿ ಇದನ್ನು ಸ್ವಿಫ್ಟ್‌ಗೆ ಅಳವಡಿಸಿತು, ಆಮೇಲೆ ಡಿಸೈರ್, ರಿಟ್ಜ್, ಟಾಟಾದ ಇಂಡಿಕಾ ವಿಸ್ಟಾ ಎಂದು ಅದು ಹಬ್ಬುತ್ತ ಹೋದಂತೆ ವಾಹನ ಪತ್ರಕರ್ತರು ಅದನ್ನು ಭಾರತದ ರಾಷ್ಟ್ರೀಯ ಡೀಸೆಲ್ ಎಂಜಿನ್ ಎಂದೇ ಕರೆದರು. ಶಿರಾ ರಸ್ತೆಯಲ್ಲಿ ಬಾಡಿಗೆ ಓಡಿಸುವ ಹುಡುಗರಿಗೆ ಅದರ ಟೈಮಿಂಗ್ ಚೈನಿನ ಸದ್ದು ಯಾವಾಗ ಬದಲಾಗುತ್ತದೆ ಎಂಬುದು ಗೊತ್ತು. ಪೈಪು, ಬ್ರಾಕೆಟ್ಟು, ವೈರಿಂಗ್ ಬೇರೆಯಾದರೂ ಎಂಜಿನ್ನಿನ ಒಡಲು ಒಂದೇ. ಪಾರ್ಟ್ ನಂಬರ್ ಹೊಂದಿಸಿ ನೋಡದೆ ಒಂದು ವಾಷರ್ ಕೂಡ ಹಾಕಬಾರದೆಂದು ಮೇಸ್ತ್ರಿ ಹುಡುಗರಿಗೆ ಎರಡು ಸಲ ಹೇಳಿದರು.

ನಾನು ವಿದ್ಯಾರ್ಥಿಗಳಿಗೆ ತೋರಿಸಬೇಕೆಂದಿದ್ದದ್ದು ಅದಕ್ಕೂ ಕೆಳಗಿತ್ತು. ಎತ್ತಿ ನಿಲ್ಲಿಸಿದ ಕಾರಿನ ಅಡಿಗೆ ತೂರಿ ನೋಡಿದರೆ, ಎಂಜಿನ್ ಅಡ್ಡಲಾಗಿ ಕೂತಿದೆ, ಅದರ ಒಂದು ತುದಿಗೆ ಗೇರ್ ಬಾಕ್ಸ್ ಅದೇ ಸಾಲಿನಲ್ಲಿ ಜೋಡಿಕೊಂಡಿದೆ, ಆದ್ದರಿಂದ ಚಕ್ರಗಳಿಗೆ ಹೋಗುವ ಎರಡು ಆಕ್ಸಲ್‌ಗಳಲ್ಲಿ ಒಂದು ಗಿಡ್ಡ, ಒಂದು ಉದ್ದ. ಪಕ್ಕದ ಸ್ವಿಫ್ಟ್‌ನಲ್ಲೂ ಹೀಗೆಯೇ, ಇಂದು ಬಿ.ಎಚ್. ರಸ್ತೆಯಲ್ಲಿ ಹಾದುಹೋಗುವ ಹೆಚ್ಚಿನ ಚಿಕ್ಕ ಕಾರುಗಳಲ್ಲೂ ಹೀಗೆಯೇ. ಈ ಜೋಡಣೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಇದನ್ನು ಒಬ್ಬರು ಯೋಚಿಸಿ ರೂಢಿಗೆ ತರಬೇಕಾಯಿತು ಎಂಬುದೇ ಮರೆತುಹೋಗಿದೆ. 1959ರ ಬ್ರಿಟಿಷ್ ಮಿನಿಯಲ್ಲಿ ಎಂಜಿನ್ ಅಡ್ಡಲಾಗಿತ್ತು, ಆದರೆ ಗೇರ್ ಬಾಕ್ಸ್ ಅದರ ಅಡಿಯಲ್ಲಿ, ಅದೇ ಆಯಿಲ್‌ನಲ್ಲಿ ಮುಳುಗಿತ್ತು. ಗೇರ್ ಬಾಕ್ಸನ್ನು ಪಕ್ಕಕ್ಕೆ ತಂದು, ಎರಡಕ್ಕೂ ಬೇರೆ ಆಯಿಲ್ ಕೊಟ್ಟು, ಆಕ್ಸಲ್‌ಗಳ ಉದ್ದ ಸಮವಾಗಿರಲೇಬೇಕು ಎಂಬ ಹಟ ಬಿಟ್ಟ ಕಾರು 1964ರ ಔಟೊಬಿಯಾಂಕಿ ಪ್ರಿಮುಲಾ. ಹೊಸ ಪ್ರಯೋಗದ ಅಪಾಯ ದೊಡ್ಡ ಹೆಸರಿಗೆ ತಟ್ಟದಿರಲೆಂದು ಫಿಯೆಟ್ ಅದನ್ನು ತನ್ನ ಬಳಗದ ಚಿಕ್ಕ ಹೆಸರಿನಲ್ಲಿ ಹೊರತಂದಿತು. ಐದು ವರ್ಷಗಳ ನಂತರ ಫಿಯೆಟ್ 128ರಲ್ಲಿ ಅದೇ ಜೋಡಣೆಯನ್ನು ಲಕ್ಷಗಟ್ಟಲೆ ಜನರಿಗೆ ತಲುಪಿಸಿತು. ಅದನ್ನು ರೂಪಿಸಿದವರು ದಾಂತೆ ಜಾಕೋಸಾ.

ಹಾಗಾಗಿ ವರ್ತಕರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಹೊಸ 500ರ ಹೊರಮೈ ಜಾಕೋಸಾ ಅವರ 1957ರ ಯೋಚನೆಯ ನೆನಪು, ಒಳಮೈ ಅವರದೇ 1964ರ ಯೋಚನೆಯ ಬೆಳೆದ ರೂಪ. 1957ರಲ್ಲಿ ಎಂಜಿನ್ನನ್ನು ಹಿಂದಿಟ್ಟು ಜಾಗ ಉಳಿಸಿದ್ದ ಮನುಷ್ಯ, ಏಳೇ ವರ್ಷಗಳಲ್ಲಿ ಅದಕ್ಕಿಂತ ಉತ್ತಮ ದಾರಿ ಕಂಡುಕೊಂಡು ತನ್ನದೇ ಹಳೆಯ ಉತ್ತರವನ್ನು ಬದಿಗಿಟ್ಟಿದ್ದರು. ಮರಳಿ ಬಂದ ಕಾರು ಹಿಂಬದಿ ಎಂಜಿನ್ ಇಟ್ಟುಕೊಂಡಿದ್ದರೆ ಅದು ಅವರಿಗೆ ನಿಷ್ಠೆಯಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಇಂಥ ಕಾರುಗಳನ್ನು ವೇಷವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ತುಮಕೂರಿನ ಎಚ್.ಎಂ.ಟಿ. ಕಾರ್ಖಾನೆ ಮುಚ್ಚಿದ ಮೇಲೆ ಅದರ ಕೈಗಡಿಯಾರಗಳನ್ನು ಹುಡುಕಿ ಕೊಳ್ಳುವವರು ಹೆಚ್ಚಾದರು. ಅವರು ಕೊಳ್ಳುವುದು ಕೀಲಿ ಕೊಡುವ ಆ ಯಂತ್ರವನ್ನೇ, ಅದಿಲ್ಲದ ಬರಿಯ ಮುಖವನ್ನಲ್ಲ. ಕಾರಿನ ವಿಷಯ ಹಾಗಲ್ಲ. ಕಾರು ಮನುಷ್ಯರನ್ನು ಹೊತ್ತು ಹೆದ್ದಾರಿಯಲ್ಲಿ ಓಡಬೇಕು, ಗುದ್ದಿಕೊಂಡರೆ ಒಳಗಿದ್ದವರನ್ನು ಉಳಿಸಬೇಕು. 1957ರ ಯಂತ್ರಕ್ಕೆ ಅದನ್ನು ಮಾಡಲಾಗದು.

ತಕರಾರು ಇರುವುದು ಬೇರೆ ಕಡೆ. ಅರ್ಧ ಟನ್ ಇದ್ದ ಕಾರು ಹೆಚ್ಚುಕಡಿಮೆ ಒಂದು ಟನ್ ಆಗಿದೆ, ಉದ್ದ 3.55 ಮೀಟರಿಗೆ ಬೆಳೆದಿದೆ. ಬಾಗಿಲುಗಳಲ್ಲಿ ಹೊಡೆತ ತಡೆಯುವ ದಪ್ಪ, ಏರ್‌ಬ್ಯಾಗುಗಳು, ದೊಡ್ಡ ಆಸನಗಳು ಎಲ್ಲ ಸೇರಿ ಅಷ್ಟಾಯಿತು ಎಂಬುದು ನಿಜ. ಆದರೆ ಆ ಬೆಳವಣಿಗೆಯ ಫಲ ಹಿಂದೆ ಕೂರುವವರಿಗೆ ಸಿಕ್ಕಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಎತ್ತರದ ಹುಡುಗನೊಬ್ಬ ಹಿಂದಿನ ಸೀಟಿನಲ್ಲಿ ಕೂತಾಗ ಅವನ ತಲೆ ಸೂರಿಗೆ ತಗುಲಿತು, ಮಂಡಿಗಳು ಮುಂದಿನ ಸೀಟಿಗೆ ಒತ್ತಿಕೊಂಡವು. ತ್ರೆಪ್ಯೂನೊದ ಆಸನವನ್ನು ಉಳಿಸಿಕೊಳ್ಳಬೇಕಿತ್ತು ಎಂದು ನನಗೆ ಆಗ ಮತ್ತೊಮ್ಮೆ ಅನ್ನಿಸಿತು.

ಮೇಸ್ತ್ರಿಯ ಲೆಕ್ಕ

ಮೇಸ್ತ್ರಿ ಕಾರನ್ನು ಬೇರೆ ರೀತಿಯಲ್ಲಿ ಎರಡು ಪಾಲು ಮಾಡಿದ್ದರು. ಊಟದ ನಂತರ ವರ್ತಕರು ಬಂದಾಗ ಒಂದು ಬಿಲ್ ಪುಸ್ತಕದ ಹಿಂಬದಿಯಲ್ಲಿ ನಡುವೆ ಗೆರೆ ಎಳೆದು, ಎಡಗಡೆಗೆ ತಮ್ಮಿಂದ ಆಗುವುದನ್ನೂ ಬಲಗಡೆಗೆ ಆಗದಿರುವುದನ್ನೂ ಬರೆದು ತೋರಿಸಿದರು. ಎಡಗಡೆ ಎಂಜಿನ್, ಕ್ಲಚ್, ಬ್ರೇಕು, ಬೇರಿಂಗು, ಡೀಸೆಲ್ ಪಂಪು. ಬಲಗಡೆ ದೀಪಗಳು, ಬಂಪರು, ಪಕ್ಕದ ಕನ್ನಡಿಗಳು, ಮುಂದಿನ ಗಾಜು, ಬಾಗಿಲಿನ ಹಿಡಿಗಳು. "ಎಂಜಿನ್‌ಗೆ ನಾನಿದೀನಿ ಯಜಮಾನ್ರೇ, ದೀಪಕ್ಕೆ ನಾನಿಲ್ಲ" ಎಂದರು.

ಆ ಗೆರೆಯನ್ನು ನಾನು ತರಗತಿಯಲ್ಲಿ ಈಗಲೂ ಬೋರ್ಡಿನ ಮೇಲೆ ಎಳೆಯುತ್ತೇನೆ. ಬಲಗಡೆ ಇರುವುದೆಲ್ಲ ಕಾರಿಗೆ ಅದರ ಮುಖ ಕೊಟ್ಟ ವಸ್ತುಗಳು, ಬೇರೆ ಯಾವ ಕಾರಿನಲ್ಲೂ ಇಲ್ಲದವು. ಎಡಗಡೆಯದ್ದೆಲ್ಲ ಹಂಚಿಕೊಂಡದ್ದು. ಹಂಚಿಕೊಂಡ ಎಂಜಿನ್ನಿನ ಬಿಡಿಭಾಗಗಳು ಗುಬ್ಬಿ ಗೇಟಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತವೆ, ಏಕೆಂದರೆ ಆ ಎಂಜಿನ್ ಲಕ್ಷಾಂತರ ಕಾರುಗಳಲ್ಲಿದೆ. ದುಂಡು ದೀಪ ಸಿಗುವುದಿಲ್ಲ, ಏಕೆಂದರೆ ದೇಶಕ್ಕೆ ಆಮದಾದದ್ದೇ ಕೆಲವು ಕಾರುಗಳು. ವಿಚಿತ್ರವೆಂದರೆ ಪದ್ಮಿನಿಯಲ್ಲಿ ಇದು ತಿರುಗುಮುರುಗು. ಅದರ ದೀಪ ಒಡೆದರೆ ಅದೇ ಅಳತೆಯ ದುಂಡು ದೀಪ ಊರಲ್ಲೇ ಸಿಗುತ್ತದೆ, ತಗಡು ತೂತಾದರೆ ಟಿಂಕರಿಂಗ್‌ನವರು ಬಡಿದು ಕೂರಿಸುತ್ತಾರೆ. ಎಂಜಿನ್ನಿನ ಕೆಲಸಕ್ಕೆ ಮಾತ್ರ ಹಳೆಯ ಕೈಗಳನ್ನು ಹುಡುಕಬೇಕು.

ವರ್ತಕರು ಆ ಹಾಳೆಯನ್ನು ಹರಿದು ಜೇಬಿನಲ್ಲಿಟ್ಟುಕೊಂಡು ಹೋದರು. ಅವರು ಮಾಡಿದ ತೀರ್ಮಾನ ನನಗೆ ಬಹಳ ಹಿಡಿಸಿತು: ಬೆಲೆಯ ಮಾತು ಆಡುವ ಮೊದಲು, ಮುಂದಿನ ದೀಪಗಳ ಒಂದು ಜೊತೆ ಮತ್ತು ಎರಡು ಪಕ್ಕದ ಕನ್ನಡಿಗಳು ಎಲ್ಲಿ, ಎಷ್ಟಕ್ಕೆ ಸಿಗುತ್ತವೆ ಎಂದು ಸೋದರಳಿಯನಿಂದಲೇ ವಿಚಾರಿಸಿ ತರಿಸಿ, ಆ ಖರ್ಚನ್ನು ಕಾರಿನ ಬೆಲೆಯಿಂದ ಕಳೆದು, ಉಳಿದ ಹಣ ಕೊಟ್ಟರು. ದೀಪಗಳು ಬರಲು ಎರಡು ತಿಂಗಳ ಮೇಲಾಯಿತು. ಅಲ್ಲಿಯವರೆಗೆ ಅವರು ಕಾರನ್ನು ಮುಟ್ಟಲಿಲ್ಲ.

ಪದ್ಮಿನಿಯನ್ನು ಮಾರಲಿಲ್ಲ. ಆ ದೀಪಾವಳಿಯ ಹೊತ್ತಿಗೆ ನಾನು ಅವರ ಊರಿಗೆ ಹೋದಾಗ ತೋಟದ ಮನೆಯ ಪಕ್ಕದ ಶೆಡ್ಡಿನಲ್ಲಿ ಗಾರೆ ಕೆಲಸ ನಡೆದಿತ್ತು. ಅವರ ತಂದೆ ಪದ್ಮಿನಿಯ ಅಳತೆಗೆ ಕಟ್ಟಿಸಿದ್ದ ಶೆಡ್ಡು ಅದು. ಪದ್ಮಿನಿಯ ಅಗಲ 1.46 ಮೀಟರ್. ಎಲ್ಲರೂ ಪುಟ್ಟ ಕಾರು ಎನ್ನುವ ಹೊಸ 500ರ ಅಗಲ, ಕನ್ನಡಿಗಳನ್ನು ಬಿಟ್ಟು, 1.63 ಮೀಟರ್. ಒಳಗೆ ನುಗ್ಗಿಸಿದರೆ ಬಾಗಿಲು ತೆರೆದು ಇಳಿಯಲು ಜಾಗವಿರಲಿಲ್ಲ. ಎಡಗಡೆಯ ಕಲ್ಲುಕಂಬವನ್ನು ಕಿತ್ತು ಒಂದು ಅಡಿ ಆಚೆಗೆ ನೆಡಿಸುತ್ತಿದ್ದ ವರ್ತಕರು, ಹೊಸ ದೀಪಗಳ ಪೆಟ್ಟಿಗೆಯನ್ನು ಕೊಬ್ಬರಿ ಅಟ್ಟದ ಮೇಲೆ ಇಲಿ ಹತ್ತದಂತೆ ತಂತಿಯಲ್ಲಿ ತೂಗುಹಾಕಿಸಿದ್ದನ್ನು ನನಗೆ ತೋರಿಸಿದರು.